ಧರ್ಮಣ್ಣನ ಹೊಲದ ಕಾಲುದಾರಿ

ಧರ್ಮಣ್ಣನ ಹೊಲದ ನಡುವೆ ಹಾದು ಭೀಮಾ ಹೊಳೆಗೆ ಇಳಿಯುವ ಕಾಲುದಾರಿ ಊರಿನದು ಎಂದು ಹಣಮವ್ವ ಹರೆಯದಿಂದಲೂ ಜಗಳವಾಡುತ್ತಿದ್ದಳು. ಅವನು ಅದನ್ನು ಹರಗಿ ಅಳಿಸುವುದು, ಇವಳು ಕೊಡ ಹೊತ್ತು ಮತ್ತೆ ತುಳಿದು ಮೂಡಿಸುವುದು. ಹಟಕ್ಕೆ ಇಬ್ಬರೂ ಸಮ. ದಾರಿಯನ್ನು ಸರಕಾರದ ನಕಾಶೆಯಲ್ಲಿ ಬರೆಸಿಯೇ ಸಾಯುತ್ತೇನೆ ಎಂದು ಅವಳು ಹೇಳದ ದಿನವಿಲ್ಲ.

೧೯೪೮ರ ಬೇಸಿಗೆಯಲ್ಲಿ ಬರೆಯುವವನು ಬಂದ. ಬಂದ ಹೊತ್ತಾದರೂ ಎಂಥದ್ದು! ಹೊಳೆ ದಾಟಿದರೆ ನಿಜಾಮರ ಸೀಮೆ ಮುಗಿಯುತ್ತಿತ್ತು. ರಜಾಕಾರರಿಗೆ ಹೆದರಿದ ಜನ ಅತ್ತ ಓಡುತ್ತಿದ್ದರು. ಹಣಮವ್ವನ ಮಗ ಆಗಲೇ ದಾಟಿ ಹೋರಾಟಗಾರರ ಶಿಬಿರ ಸೇರಿದ್ದ. ಸೊಸೆ ನಿಂಬೆವ್ವ ಎಳೆಗೂಸು ಅಮೃತಳನ್ನು ಎತ್ತಿಕೊಂಡು ಅಂದೇ ಸಂಜೆ ಅದೇ ದಾರಿಯಲ್ಲಿ ಹೋಗುವವಳಿದ್ದಳು. ನಕಾಶೆಯಲ್ಲಿ ಬರೆದ ದಾರಿಗೆಲ್ಲ ಕಾವಲು ಬೀಳುತ್ತದೆಂದು ಊರಿಗೇ ಗೊತ್ತಿತ್ತು.

ಕಂದಾಯದ ಅಧಿಕಾರಿ ಗಿರ್ದಾವರ ನಕಾಶೆ ಹಿಡಿದು ಇಬ್ಬರು ಬಂದೂಕಿನವರೊಂದಿಗೆ ಬದುವಿನ ಮೇಲೆ ನಿಂತ. ಧರ್ಮಣ್ಣ ಹಿಂದಿನ ದಿನವಷ್ಟೇ ಹರಗಿದ್ದರಿಂದ ನೆಲದಲ್ಲಿ ಗುರುತಿರಲಿಲ್ಲ. ಇಲ್ಲಿ ದಾರಿಯ ತಕರಾರಿದೆಯಂತೆ, ನಿನ್ನ ಹಕ್ಕು ಬರೆಯಲೇ ಎಂದು ಹಣಮವ್ವನನ್ನು ಕೇಳಿದ. ದಾರಿಯೇ ಇಲ್ಲ ಎಂದಳು. ಅವನು ನಂಬಲಿಲ್ಲ. ಹಾಗಾದರೆ ನಿಮ್ಮೂರ ಪದ್ಧತಿಯಂತೆ ಮಣ್ಣು ಹೊತ್ತು ಹೇಳು ಎಂದ.

ತಕರಾರಿನ ಮಣ್ಣನ್ನು ತಲೆಯ ಮೇಲಿಟ್ಟು ಸುಳ್ಳು ಹೇಳಿದರೆ ಮನೆಯ ಅತಿ ಚಿಕ್ಕ ಜೀವಕ್ಕೆ ತಟ್ಟುತ್ತದೆ. ಬಂದೂಕಿಗಿಂತ ಹೆಚ್ಚು ಹಣಮವ್ವ ಇದಕ್ಕೆ ಹೆದರಿದಳು. ಅತ್ತ ದರಿ, ಇತ್ತ ಪುಲಿ. ಎರಡೂ ಕಡೆ ಅದೇ ಕೂಸು. ಹಿಡಿ ಮಣ್ಣು ತಲೆಗಿಟ್ಟಳು. ಅರ್ಧ ಕಣ್ಣಿಗೆ ಉದುರಿತು.

“ಇಲ್ಲಿ ಯಾವ ದಾರಿನೂ ಇಲ್ರಿ. ಇಷ್ಟ ವರ್ಷ ನಾ ಸುಳ್ಳ ಜಗಳಾಡೇನಿ.”

ಗಿರ್ದಾವರ ಬದುವಿನ ಆಚೆ ನಿಂತಿದ್ದ ಧರ್ಮಣ್ಣನ ಕಡೆ ತಿರುಗಿದ. ಹೌದೆಂದು ತಲೆಯಾಡಿಸಿದ್ದರೆ ಸಾಕಿತ್ತು. ಬೇಡಿದ್ದೇ ಕೈಗೆ ಬಂದಿತ್ತು. ಆದರೆ ಅವನು ಹತ್ತಿರ ಬಂದು ಅವಳ ತಲೆಯ ಮೇಲಿನ ಮಣ್ಣನ್ನು ಇಳಿಸಿ ತನ್ನ ರುಮಾಲಿನ ಮೇಲಿಟ್ಟುಕೊಂಡ. ಹಾಗೆ ಇಳಿಸಿಕೊಂಡವರ ಮನೆಗೇ ಆಣೆ ಹೋಗುತ್ತದೆ ಎಂಬುದನ್ನು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

“ಮಣ್ಣ ನನ್ನ ಹೊಲದ್ದರಿ,” ಎಂದ. “ಆಣೆ ನಾ ಹೊರ್ತೇನಿ. ಇಲ್ಲಿ ದಾರಿ ಇಲ್ಲ.”

ಗಿರ್ದಾವರ ನಕಾಶೆ ಮಡಚಿಕೊಂಡು ಮುಂದಿನ ಊರಿಗೆ ಹೊರಟ. ಬಂದೂಕುಗಳು ಮರೆಯಾಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರು.

“ನಿನ್ನ ಮನ್ಯಾಗೂ ತೊಟ್ಟಲ ತೂಗಾಕತ್ತೈತಲ್ಲೋ, ಧರ್ಮಣ್ಣಾ,” ಎಂದಳು ಹಣಮವ್ವ.

ಅವನು ರುಮಾಲಿನ ಮೇಲಿನ ಮಣ್ಣನ್ನು ಮುಟ್ಟಿ ನೋಡಿಕೊಂಡ.

“ಗೊತ್ತೈತಿ ಯಕ್ಕಾ. ಲಗೂನ ಸೊಸಿನ್ನ ಕರಕೊಂಡ ಬಾ.”