ಜುಲೈ ತಿಂಗಳ ಸೂರ್ಯಕಲೆಗಳು

ಮಣಿಪಾಲದ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅನಂತೇಶ ಉಪಾಧ್ಯರು ಸೂರ್ಯನ ಸಂಶೋಧನೆಗೆ ಇಳಿದದ್ದು ೧೯೯೭ರಲ್ಲಿ. ಕಾಲೇಜಿನ ತಾರಸಿಯ ಮೇಲೆ ಒಂದು ಸಣ್ಣ ದೂರದರ್ಶಕ, ಅದರ ಹಿಂದೆ ಹಲಗೆಗೆ ಸಿಕ್ಕಿಸಿದ ಬಿಳಿ ಕಾಗದ. ಕಾಗದದ ಮೇಲೆ ಬೀಳುವ ಸೂರ್ಯಬಿಂಬದಲ್ಲಿ ಕಪ್ಪು ಕಲೆಗಳನ್ನು ಪೆನ್ಸಿಲಿನಿಂದ ಗುರುತಿಸಿ ಎಣಿಸಬೇಕು. ಕಲೆ ಹೆಚ್ಚಾದಷ್ಟೂ ಸೂರ್ಯನ ಚಟುವಟಿಕೆ ಹೆಚ್ಚು. ಕೆಲಸ ಇಷ್ಟೇ, ಆದರೆ ದಿನಾ ಮಾಡಬೇಕು. ದಿನಾ ಎಂಬುದು ಉಪಾಧ್ಯರ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ.

ಕಾಪುವಿನಲ್ಲಿ ಮನೆ, ಬೆಳ್ಮಣ್ಣಿನಲ್ಲಿ ಹೆಂಡತಿಯ ತವರು. ಕಾರ್ಕಳದಿಂದ ಕಲ್ಯಾಣಪುರದವರೆಗೆ ಎಲ್ಲಿ ಉಪನಯನವಾದರೂ ಅವರ ಎಲೆ ಬೀಳಲೇಬೇಕು. ಅಂಥ ದಿನಗಳಲ್ಲಿ ವಿಭಾಗ ಗುಡಿಸುವ ನಾಗವೇಣಿಯ ಕೈಗೆ ಪೆನ್ಸಿಲು ಕೊಟ್ಟು ಹೊರಡುತ್ತಿದ್ದರು. ಬಾದಾಮಿ ಕಡೆಯಿಂದ ಬಂದು ಪರ್ಕಳದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಆಕೆ ಏಳನೆಯ ತರಗತಿ ಓದಿದ್ದಳು. ನೋಡಿದವರ ಇನಿಷಿಯಲ್ ಬರೆಯಬೇಕೆಂದು ನಿಯಮವಿದ್ದುದರಿಂದ ರಿಜಿಸ್ಟರಿನಲ್ಲಿ ಅವರು ‘ಎ’, ಅವಳು ‘ಎನ್’.

ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುತ್ತಿರಲಿಲ್ಲ. ಪುಟ ಖಾಲಿ ಬಿಟ್ಟರೆ ವಿಜ್ಞಾನಕ್ಕೆ ಅವಮಾನವೆಂದು ಉಪಾಧ್ಯರು ಸ್ಟಾಫ್ ರೂಮಿನಲ್ಲೇ ಕೂತು, ಹಿಂದಿನ ತಿಂಗಳ ಕಲೆಗಳನ್ನು ತುಸು ಆಚೀಚೆ ಸರಿಸಿ ತುಂಬುತ್ತಿದ್ದರು. ನಾಗವೇಣಿ ಮಾತ್ರ ‘ಮೋಡ. ಕಾಣಲಿಲ್ಲ’ ಎಂದು ಬರೆದಿಡುತ್ತಿದ್ದಳು.

“ಇಷ್ಟು ಬರೆಯಲಿಕ್ಕೆ ತಾರಸಿ ಹತ್ತಬೇಕಾ?” ಎಂದು ಒಮ್ಮೆ ಗದರಿದ್ದರು.

“ಕಾಣ್ಲಿಲ್ಲಂದ್ರ ಮತ್ತೇನ್ ಬರೀಲ್ರೀ ಸರ?” ಎಂದಿದ್ದಳು ಅವಳು.

ಆರು ವರ್ಷದ ಲೆಕ್ಕವನ್ನು ಉಪಾಧ್ಯರು ರಿಜಿಸ್ಟರಿನಲ್ಲಿದ್ದಂತೆ ಇನಿಷಿಯಲ್ ಸಮೇತ ಲೇಖನ ಮಾಡಿ ಒಂದು ಪತ್ರಿಕೆಗೆ ಕಳಿಸಿದರು. ಅಚ್ಚಾಯಿತು. ಆಮೇಲೆ ಅದನ್ನು ಯಾರೂ ಮೂಸಿ ನೋಡಲಿಲ್ಲ.

೨೦೦೬ರಲ್ಲಿ ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಪ್ರಾಂಶುಪಾಲ ವಿಷ್ಣುಮೂರ್ತಿಯವರು ಉಪಾಧ್ಯರನ್ನು ಕರೆಸಿದರು. “ಸಂಶೋಧನೆಯ ಪರಿಣಾಮ ಎಂತ ಅಂತ ಕೇಳುತ್ತಾರೆ. ನಿಮ್ಮ ಲೇಖನವನ್ನು ಹೊರಗಿನವರು ಯಾರಾದರೂ ಉಲ್ಲೇಖಿಸಿದ್ದು ಉಂಟಾ ಮಾರಾಯ್ರೆ?”

ಹುಡುಕಿದಾಗ ಒಂದು ಸಿಕ್ಕಿತು, ಅದೂ ಯುರೋಪಿನ ವಿಜ್ಞಾನಿಗಳದ್ದು. ಉಪಾಧ್ಯರು ಹಿಗ್ಗಿನಿಂದ ಓದತೊಡಗಿ, ಮೂರನೆಯ ಪುಟಕ್ಕೆ ಬರುವಾಗ ಬೆವರಿದರು. ಕರಾವಳಿಯ ಮೇಲೆ ದಟ್ಟ ಮೋಡ ಕವಿದಿದ್ದು ಉಪಗ್ರಹದ ಚಿತ್ರಗಳಲ್ಲಿ ಸ್ಪಷ್ಟವಿರುವ ೨೦೦೦ರ ಜುಲೈಯಲ್ಲಿ ಈ ‘ಎ’ ದಿನವೂ ಕಲೆ ಕಂಡಿದ್ದಾರೆ. ವೀಕ್ಷಣೆ ಹೇಗಿರಬಾರದು ಎಂಬುದಕ್ಕೆ ಇದು ಮಾದರಿ. ‘ಎನ್’ ದಾಖಲೆಗಳು ಮಾತ್ರ ನಂಬಲರ್ಹ. ಹಾಗೆಂದು ಬರೆದಿತ್ತು.

ರಾಜೀನಾಮೆಯನ್ನು ಮನಸ್ಸಿನಲ್ಲೇ ಬರೆದುಕೊಂಡು ಅವರು ಪ್ರಾಂಶುಪಾಲರ ಮುಂದೆ ನಿಂತರು. “ಸರ್, ಉಲ್ಲೇಖ ಉಂಟು. ಆದರೆ ಅವರು ಬರೆದದ್ದು ಸ್ವಲ್ಪ...”

“ಎಂತ ಬರೆದಿದ್ದಾರೆ ಅಂತ ಕೇಳುವ ಕಾಲಮ್ಮೇ ಇಲ್ಲ,” ಎಂದರು ವಿಷ್ಣುಮೂರ್ತಿ, ನಮೂನೆಯಿಂದ ತಲೆಯೆತ್ತದೆ. “ಎಷ್ಟು ಅಂತ ಮಾತ್ರ. ಯುರೋಪು ಅಲ್ವಾ? ಸಾಕು.”

ಸಮಿತಿ ತೃಪ್ತಿಯಿಂದ ಉಂಡು ಹೋಯಿತು. ಉಪಾಧ್ಯರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿಯ ಸನ್ಮಾನವಾಯಿತು. ಸೂರ್ಯನೇ ನಮ್ಮ ಕಾಲೇಜಿನ ಕಡೆ ತಿರುಗಿ ನೋಡಿದ್ದಾನೆ ಎಂದರು ಪ್ರಾಂಶುಪಾಲರು. ರಾಜೀನಾಮೆಯ ನೆನಪು ಚಪ್ಪಾಳೆ ಮುಗಿಯುವ ಮೊದಲೇ ಉಪಾಧ್ಯರನ್ನು ಬಿಟ್ಟುಹೋಗಿತ್ತು.

ಕುರ್ಚಿ ಎತ್ತಿಡುತ್ತಿದ್ದ ನಾಗವೇಣಿ ಕೇಳಿದಳು, “ನಾ ಬರ್ದಿದ್ದೂ ಅದರಾಗ ಐತೇನ್ರೀ?”

“ಉಂಟು, ಉಂಟು. ಒಂದು ಮೂಲೆಯಲ್ಲಿ,” ಎಂದು ಅವರು ಬುಟ್ಟಿಯಿಂದ ಒಂದು ಮೂಸಂಬಿ ತೆಗೆದುಕೊಟ್ಟರು.

ಸನ್ಮಾನದ ಧೈರ್ಯದಲ್ಲೇ ಯುರೋಪಿಗೆ ಇಮೇಲ್ ಹಾಕಿದರು: ‘ಎನ್’ ತನ್ನ ಸಹಾಯಕಿ, ತನ್ನ ಮಾರ್ಗದರ್ಶನದಲ್ಲಿ ತಯಾರಾದವಳು. ಮರುದಿನವೇ ಬಹಳ ವಿನಯದ ಉತ್ತರ ಬಂತು. ದಯವಿಟ್ಟು ಆಕೆಯೇ ವೀಕ್ಷಣೆ ಮುಂದುವರಿಸಲಿ. ತಾವು ದೂರದರ್ಶಕದಿಂದ ದೂರವಿದ್ದರೆ ವಿಜ್ಞಾನಕ್ಕೆ ದೊಡ್ಡ ಉಪಕಾರವಾದೀತು.

ಉಪಾಧ್ಯರು ಈ ಉಪಕಾರವನ್ನು ಸಂತೋಷದಿಂದಲೇ ಮಾಡಿದರು. ಅಷ್ಟರಲ್ಲಿ ಅವರು ಸಂಶೋಧನಾ ನಿರ್ದೇಶಕರಾಗಿದ್ದರು, ತಾರಸಿ ಹತ್ತಲು ಪುರುಸೊತ್ತೆಲ್ಲಿ? ಅವರ ಮೊದಲ ಸುತ್ತೋಲೆ ಆ ವಾರವೇ ಹೊರಟಿತು: ಪ್ರತಿಯೊಬ್ಬ ಅಧ್ಯಾಪಕರೂ ವರ್ಷಕ್ಕೆ ಕನಿಷ್ಠ ಎರಡು ಸಲ ವಿದೇಶದಲ್ಲಿ ಉಲ್ಲೇಖಗೊಳ್ಳತಕ್ಕದ್ದು.