ಅಳತೆಗಿಂತ ಚಿಕ್ಕವು

“ಕಳ್ಳ ಮುಂಡೇರಾ, ಮರಿ ಚಿಪ್ಪುಮೀನು ಕದೀತೀರಾ?”

ಇನ್‌ಸ್ಪೆಕ್ಟರ್ ಲೌರೆಂಥೋ ಮುದುಕಿ ಎರ್ಮಿತಾಸಳ ಬಕೆಟ್ಟನ್ನು ಬೂಟಿನಿಂದ ಒದ್ದ. ಬಾಯಿ ತೆರೆದು ಸತ್ತ ಚಿಪ್ಪುಗಳು ಕೆಸರಿಗೆ ಚೆಲ್ಲಿದವು. ಕಡಲು ಇಳಿದಿತ್ತು. ಚಿಪ್ಪು ಆಯುವ ನಾವು ಹೆಂಗಸರು ಕುಂಟೆ ಹಿಡಿದು ನಿಂತಿದ್ದೆವು.

“ಕದ್ದಿಲ್ಲ ಸಾಹೇಬ್ರೆ. ಆ ಪೈಪಿನ ಬಾಯಾಗೆ ಹೆಣ ಆಯ್ದಿದೀನಿ,” ಎಂದಳು ಮುದುಕಿ.

“ಹೆಣವೋ ಜೀವವೋ, ಅಳತೆಗಿಂತ ಚಿಕ್ಕದಿದ್ರೆ ಕೇಸು.”

ಕಡಲಿಗೆ ಹೊಲಸು ನೀರು ಬಿಡುವ ಆ ಪೈಪು ದೊನ್ ಎವಾರಿಸ್ತೋನ ಮೀನಿನ ಡಬ್ಬಿ ಕಾರ್ಖಾನೆಯದು. ಅವನು ದಂಡೆಯ ಮೇಲೆ ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದ. “ಹಾಕಪ್ಪ ಕೇಸು. ಕೆಸರಿನ ಹಂದಿಗಳು.”

ಹೆಣ ಆಯಲು ಹೇಳಿದವಳು ಆಂತಿಯಾ. ಪೈಪಿನ ಸುದ್ದಿ ಬರೆದಳೆಂದು ಪತ್ರಿಕೆಯವರು ಹೊರಹಾಕಿದ ಮೇಲೆ ಕಡಲಿನ ವಕಾಲತ್ತು ಹಿಡಿದು ನಮ್ಮ ನಡುವೆಯೇ ಇದ್ದಳು. ಪೈಪು ಮುಚ್ಚದಿದ್ದರೆ ಮುಂದಿನ ವರ್ಷ ಈ ಕೆಸರಲ್ಲಿ ನಮಗೆ ಅನ್ನವಿಲ್ಲ. ಆದರೆ ಅವಳು ಒಯ್ದ ಚಿಪ್ಪುಗಳನ್ನು ಮೀನುಗಾರಿಕೆ ಕಚೇರಿಯವರು ನಂಬಲಿಲ್ಲ. ಇನ್ನಷ್ಟು ಕೂಡಿಸಿ ಎಂದಿದ್ದಳು. ನಮ್ಮ ಕೈಯ ಚಾಳಿ ಬೇರೆ: ಚಿಕ್ಕದು ಸಿಕ್ಕರೆ ಅಳತೆಪಟ್ಟಿಗೆ ಹಿಡಿದು ಕಡಲಿಗೇ ಎಸೆಯುವುದು. ಬೆಳಗಿನಿಂದ ಸಾಕ್ಷಿಯನ್ನೆಲ್ಲ ಬಲು ಶ್ರದ್ಧೆಯಿಂದ ನೀರಿಗೆ ಎಸೆದಿದ್ದೆವು. ಕಣ್ಣು ಮಂಜಾಗಿ ಅಳೆಯಲಾರದ ಎರ್ಮಿತಾಸಳ ಬಕೆಟ್ಟಿನಲ್ಲಷ್ಟೇ ಉಳಿದಿತ್ತು.

“ಇದನ್ನ ಜಪ್ತಿ ಮಾಡಿ, ಸೀಲ್ ಹಾಕಿ ಕೋರ್ಟಿಗೆ ಕಳಿಸ್ತೀನಿ,” ಎಂದ ಲೌರೆಂಥೋ.

ಆಂತಿಯಾ ತಲೆ ಎತ್ತಿದಳು. “ಎಲ್ಲಿ ಸಿಕ್ತು ಅಂತ ಬರೀತೀರಾ?”

“ಬರೀದೇ ಏನು?”

“ಸತ್ತಿದ್ವು ಅಂತಾನೂ?”

ಅವನ ಪೆನ್ನು ನಿಂತಿತು. ಆಂತಿಯಾ ನನ್ನ ಮುಖ ನೋಡಿದಳು: ಸರ್ಕಾರದ ಸೀಲು ಬಿದ್ದ ಚಿಪ್ಪನ್ನು ಕಚೇರಿಯವರು ನಂಬಲೇಬೇಕು. ಮೊಮ್ಮಗಳಿರುವ ಈ ವಯಸ್ಸಿನಲ್ಲೂ ನನ್ನೊಳಗೆ ಲಂಗದ ಹುಡುಗಿಯೊಬ್ಬಳು ಎದ್ದು ಕುಣಿದಂತಾಯಿತು. ಪೈಪಿನ ಬಾಯಿಗೆ ನುಗ್ಗಿ ಬಕೆಟ್ಟು ತುಂಬಿಕೊಂಡೆ.

“ಸಾಹೇಬ್ರೆ, ನಾನೂ ಕಳ್ಳಿ. ದೋಶಿಂದಾ ಅಂತ ಬರ್ಕೊಳಿ.”

“ನಂದೂ ನೋಡಿ, ಇವಳಿಗಿಂತ ಚಿಕ್ಕವು,” ಎಂದು ಕಾರ್ಮೆ ಮೊಣಕೈಯಲ್ಲಿ ನನ್ನನ್ನು ತಳ್ಳಿದಳು.

“ಸರದಿ ಮುರೀಬ್ಯಾಡ ಕಣೇ ಮೂದೇವಿ. ನಿನಗಿಂತ ಮೊದ್ಲು ಕಳ್ಳಿಯಾದೋಳು ನಾನು,” ಎಂದೆ.

ಒಬ್ಬಳು ಜಾರಿ ಬಿದ್ದಳು. ಎತ್ತಲು ಹೋದವಳೂ ಬಿದ್ದಳು. ಹೊಟ್ಟೆ ಹಿಡಿದು ನಕ್ಕೆವು. ನಗುವಿಗೆ ಉಚ್ಚೆ ಹೋಯ್ತೆಂದು ಕಾರ್ಮೆ ಕೂಗಿ ಹೇಳಿದಳು.

“ಬಿಟ್ಟು ಬಾರಯ್ಯ ಅವ್ರನ್ನ,” ಎಂದ ದೊನ್ ಎವಾರಿಸ್ತೋ ದಂಡೆಯಿಂದ. ಕರವಸ್ತ್ರ ಮೂಗಿನಿಂದ ಇಳಿದಿತ್ತು.

“ಕ್ಷಮಿಸಿದೀನಿ, ಹೋಗ್ರಮ್ಮ,” ಎಂದ ಲೌರೆಂಥೋ.

“ನಿನ್ನ ಕ್ಷಮೆ ಯಾವ ನನ್ಮಗನಿಗೆ ಬೇಕು?” ಎಂದಳು ಎರ್ಮಿತಾಸ್. “ಜಪ್ತಿ ಮಾಡು.”

ಅವನು ಹೆಜ್ಜೆ ಕೀಳಲು ನೋಡಿದ. ಕೆಸರು ಬೂಟನ್ನು ಬಿಡಲಿಲ್ಲ. ಸುತ್ತಲೂ ಕೆಸರಲ್ಲೇ ಕೂತೆವು ನಾವು, ನಮ್ಮ ತೊಡೆಯ ಮೇಲೆ ಬಕೆಟ್ಟು. ಆಂತಿಯಾಳೂ ಒಂದು ಹಿಡಿದು ಪಕ್ಕದಲ್ಲಿ ಕೂತಳು. ಏರತೊಡಗಿದ ಭರತದ ಮೊದಲ ನೀರು ತಣ್ಣಗೆ ನಮ್ಮ ಸೊಂಟ ಮುಟ್ಟಿತು.

ಎರ್ಮಿತಾಸ್ ಕತ್ತೆತ್ತಿ ಕೇಳಿದಳು:

“ಈಜು ಕಲ್ತಿದೀರಾ ಸಾಹೇಬ್ರೆ? ಇಲ್ದಿದ್ರೆ ಬೇಗ ಬರೀರಿ.”