ಗೂಡು ಸರಿಸಿದ ದಿನ

ತಮ್ಮನ ಮೈಮೇಲಿದ್ದ ಶರ್ಟಿಗೇ ಗುಂಡಿ ಹೊಲಿದು, ಬಗ್ಗಿ, ದಾರವನ್ನು ಹಲ್ಲಿನಿಂದ ಕಡಿದಳು ಅಕ್ಕ. ಇದ್ದವುಗಳಲ್ಲಿ ಇದೇ ಒಳ್ಳೆಯ ಶರ್ಟು. ಇದರಲ್ಲೂ ಮೇಲಿನ ಎರಡು ಗುಂಡಿ ಇರಲಿಲ್ಲ. ಅವನು ಸಾಕಿದ ಕೋಳಿಗಳಿಗೆ ಗುಂಡಿಯೂ ಒಂದೇ, ಕಾಳೂ ಒಂದೇ. ಅವನು ಹುಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತರೆ ಸಾಕು, ನಾಲ್ಕು ಬಂದು ಎದೆಗೆ ಕುಕ್ಕುತ್ತಿದ್ದವು. ಊರಿಗೆಲ್ಲ ಬಟ್ಟೆ ಹೊಲಿಯುವವಳ ತಮ್ಮ ಗುಂಡಿಯಿಲ್ಲದ ಶರ್ಟು ಹಾಕಿಕೊಂಡು ತಿರುಗಿದರೆ ನನ್ನ ಮರ್ಯಾದೆ ಏನಾಗಬೇಕು ಎಂದು ಅವಳು ಬೈದದ್ದಕ್ಕೆ ಲೆಕ್ಕವಿಲ್ಲ. ಬೈಸಿಕೊಂಡು ಹಲ್ಲು ಕಿರಿಯುವುದು ಅವನ ಹುಟ್ಟುಗುಣ. ಈಗ ಬೈಯುವುದಾದರೂ ಯಾರನ್ನು? ಕಾಲರ್ ಸರಿಮಾಡಿ, ಮಂಡಿ ಹಿಡಿದುಕೊಂಡು ಎದ್ದಳು.

ಆಸ್ಪತ್ರೆಯಲ್ಲಿ ಅವನಿದ್ದದ್ದು ಒಂದೇ ವಾರ. ಕೊನೆಯ ಸಂಜೆ ಡಾಕ್ಟರು ಏನೇನೋ ಹೇಳಿ ಹೋದ ಮೇಲೆ ಅವನು ತನ್ನ ಎದೆನೋವಿನ ಸುದ್ದಿಯನ್ನೇ ಎತ್ತಲಿಲ್ಲ.

"ಕತ್ತಲಾಗೋದ್ರೊಳಗೆ ಗೂಡಿನ ಬಾಗಿಲು ಹಾಕ್ಬಿಡು ಅಕ್ಕ. ಒಂದಿನ ತಪ್ಪಿದ್ರೂ ನರಿ ಬಿಡಲ್ಲ."

"ಹಾಕ್ತೀನಿ ಕಣೋ. ನೀನು ಸುಮ್ನೆ ಮಲಗು."

ಬದುಕಿದ್ದವರಿಗೆ ಕೊಟ್ಟ ಮಾತು ತಪ್ಪಿದರೆ ಜಗಳವಾಡಿ, ಅತ್ತು, ಸರಿಮಾಡಿಕೊಳ್ಳಬಹುದು. ಸತ್ತವನ ಹತ್ತಿರ ಅದು ನಡೆಯುವುದಿಲ್ಲ. ಆ ವಾರ ದಿನವೂ ಸಂಜೆ ಆಸ್ಪತ್ರೆಯಿಂದ ಆಟೋ ಹಿಡಿದು ಬಂದು, ಬಾಗಿಲಿಗೆ ಅಗುಳಿ ಹಾಕಿ, ಮತ್ತೆ ಅದೇ ಆಟೋದಲ್ಲಿ ವಾಪಸು ಹೋಗಿದ್ದಳು. ಇವತ್ತೂ ಹಾಕಬೇಕು. ಮಣ್ಣು ಮಾಡಿ ಬಂದವರ ಕೈಕಾಲು ತೊಳೆಸುವ ಮೊದಲು ಅದೊಂದು ಕೆಲಸ ಮುಗಿಸಬೇಕು. ಬೆಳಗಿನಿಂದ ಅವಳ ತಲೆಯಲ್ಲಿ ನಿಂತಿದ್ದ ವಿಚಾರ ಇದೊಂದೇ.

ಅಂಗಳದಲ್ಲಿ ಅವಳ ಚಿಕ್ಕಪ್ಪನ ಮಗ ಕಾರುಬಾರು ನಡೆಸುತ್ತಿದ್ದ. ಅವನು ಮನೆ ಕಟ್ಟಿಸುವ ಮೇಸ್ತ್ರಿ. ಕೈಗೆ ಕೆಲಸವಿಲ್ಲದಿದ್ದರೆ ಉಸಿರು ಕಟ್ಟುವ ಜಾತಿಯವನು. ಸಾವಿನ ಮನೆಗೆ ಇಂಥವನೊಬ್ಬ ಬೇಕು, ಆದರೆ ಇಂಥವನನ್ನು ತಡೆಯುವವನೂ ಒಬ್ಬ ಬೇಕು. ಐದು ನಿಮಿಷಕ್ಕೊಮ್ಮೆ ಒಳಗೆ ಬಂದು ಅಕ್ಕನನ್ನು ಕೇಳುತ್ತಿದ್ದ. ಕುರ್ಚಿ ನೆರಳಿಗೆ ಹಾಕಿಸಲಾ? ಟೀಗೆ ಹೇಳಲಾ? ಹಿಂದಿನ ಗೇಟು ತೆಗೆಸಲಾ? ಪ್ರತಿಯೊಂದಕ್ಕೂ ಅಕ್ಕ ತಲೆಯಾಡಿಸಿದಳು. ಗಾಡಿಗಳು ನಿಲ್ಲೋಕೆ ಜಾಗ ಸಾಲದು, ಆ ಗೂಡನ್ನ ಒಂದು ಸ್ವಲ್ಪ ಆಚೆ ಎಳೆಸಿಬಿಡಲಾ ಎಂದು ಕೇಳಿದಾಗಲೂ ಆಡಿಸಿದಳು. ಆಗ ಅವಳು ಯಾರೋ ತಂದ ಹೂವಿನ ಹಾರಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಬಿಚ್ಚುತ್ತಿದ್ದಳು.

* * *

ತಮ್ಮ ಮೊದಲು ದೊಡ್ಡ ಕೋಳಿ ಫಾರಮ್ಮಿನಲ್ಲಿ ಕೆಲಸಕ್ಕಿದ್ದ. ಕಿಟಕಿಯಿಲ್ಲದ ಉದ್ದನೆಯ ಶೆಡ್ಡು, ಹೊತ್ತುಗೊತ್ತಿಲ್ಲದೆ ಉರಿಯುವ ಬಲ್ಬು, ಕಾಲಿಡಲು ಜಾಗವಿಲ್ಲದಷ್ಟು ಕೋಳಿ. ಬೆಳಿಗ್ಗೆ ಹೋದ ಕೂಡಲೇ ಸತ್ತವನ್ನು ಆರಿಸಿ ಬಕೆಟ್ಟಿಗೆ ಹಾಕುವುದು ಅವನ ಪಾಲಿನ ಕೆಲಸ. ಒಂದು ದಿನ ಬಕೆಟ್ಟಿನೊಳಗೆ ಒಂದು ಕೋಳಿ ಕಣ್ಣು ಬಿಟ್ಟಿತಂತೆ. ತಂದು ಹೊರಗೆ ಹುಲ್ಲಿನ ಮೇಲೆ ಬಿಟ್ಟನಂತೆ. ಅದು ಎದ್ದು ನಿಂತು, ನೆಲ ಕೆದಕಲು ಹೋಗಿ ಮುಗ್ಗರಿಸಿ, ಮತ್ತೆ ಎದ್ದು ಕೆದಕಿತಂತೆ. ಹುಟ್ಟಿದ ಮೇಲೆ ಮಣ್ಣೇ ನೋಡಿಲ್ಲದ ಕೋಳಿಗೆ ಕೆದಕುವುದನ್ನು ಹೇಳಿಕೊಟ್ಟವರು ಯಾರು ಎಂದು ಊಟದ ತಟ್ಟೆಯ ಮುಂದೆ ಕೂತು ಅಕ್ಕನನ್ನು ಕೇಳಿದ. ಅಕ್ಕನ ಮುಂದೆ ಶಾಲೆಯ ಯೂನಿಫಾರಮ್ಮಿನ ರಾಶಿಯಿತ್ತು. ನನಗೇನು ಗೊತ್ತು, ಹೋಗಿ ಕೋಳೀನೇ ಕೇಳು ಎಂದಳು. ಆ ಪುಣ್ಯಾತ್ಮ ನಿಜವಾಗಿಯೂ ಕೇಳಲು ಹೋದ. ಕೆಲಸ ಬಿಟ್ಟು ಬಂದು, ಮರಿ ತಂದು, ಮನೆಯ ಹಿಂದಿನ ಬಯಲಿಗೆ ಬಿಟ್ಟ.

ಬಯಲು ಹಾಲಿನವನದು. ಮೊದಲು ಅವನ ಹಸುಗಳು ಒಂದು ಪಟ್ಟಿ ಹುಲ್ಲು ಮೇಯುತ್ತವೆ. ಮೂರು ದಿನ ಬಿಟ್ಟು ಕೋಳಿಗಳು ಅದೇ ಪಟ್ಟಿಗೆ ಬಂದು ಸಗಣಿ ಕೆದಕಿ ಹುಳ ತಿನ್ನುತ್ತವೆ. ಹಿಕ್ಕೆ ಬಿದ್ದಲ್ಲಿ ಹುಲ್ಲು ಮತ್ತೆ ದಟ್ಟವಾಗಿ ಏಳುತ್ತದೆ. ರಾತ್ರಿ ಮಲಗಲು ಚಕ್ರದ ಗೂಡು. ಹಳೆಯ ಟ್ರೇಲರಿನ ಮೇಲೆ ಹಲಗೆಯ ಮನೆ, ತಗಡಿನ ಸೂರು, ತಂತಿಜಾಲರಿಯ ನೆಲ, ಒಳಗೆ ಏರಿ ಕೂರಲು ಸಾಲುಸಾಲು ಬಿದಿರಿನ ಗಳು. ಅದನ್ನೂ ದಿನಕ್ಕಿಷ್ಟು ಮುಂದಕ್ಕೆ ಎಳೆಯಬೇಕು. ಮೊದಮೊದಲು ಹಾಲಿನವನು ನಕ್ಕ. ಎರಡನೆಯ ವರ್ಷ ನೊಣ ಕಡಿಮೆಯಾಗಿ ಅವನ ಹಸುಗಳು ಬಾಲ ಬೀಸುವುದನ್ನು ಬಿಟ್ಟ ಮೇಲೆ, ತನ್ನ ಚಿಕ್ಕ ಟ್ರ್ಯಾಕ್ಟರಿನಲ್ಲಿ ತಾನೇ ಗೂಡು ಎಳೆದುಕೊಡತೊಡಗಿದ. ಕೋಳಿಗಳು ಸಾಲಾಗಿ ಹಿಂದೆ ಬರುವುದನ್ನು ನೋಡಿ ಊರಿನವರು ತಮ್ಮನಿಗೆ 'ಕೋಳಿ ಮೇಷ್ಟ್ರು' ಎಂದು ಹೆಸರಿಟ್ಟರು. ಏಳನೆಯ ಕ್ಲಾಸನ್ನು ಮೂರು ಸಲ ಓದಿದವನಿಗೆ ಈ ಹೆಸರು ಬಹಳ ಹಿಡಿಸಿತ್ತು.

* * *

ಮಧ್ಯಾಹ್ನ ಅಂಗಳ ತುಂಬಿತ್ತು. ಪಕ್ಕದ ಮನೆಯಾಕೆ ಹಳೆಯ ಕಥೆ ಹೇಳುತ್ತಿದ್ದಳು. ಮದುವೆ ಮಾತಿಗೆಂದು ಮೇಷ್ಟ್ರನ್ನು ಒಬ್ಬರ ಮನೆಗೆ ಕರೆದುಕೊಂಡು ಹೋಗಿದ್ದರಂತೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ ಹಿತ್ತಿಲು ಚೆನ್ನಾಗಿದೆ ಎಂದನಂತೆ. ಅಳುತ್ತಿದ್ದವರು ಸೆರಗಿನೊಳಗೇ ನಕ್ಕರು. ಅಕ್ಕನಿಗೂ ನಗು ಬಂತು. ಬಂದ ನಗು ಅರ್ಧದಲ್ಲೇ ಅಳುವಾಯಿತು.

ಅಷ್ಟರಲ್ಲಿ ಹಾಲಿನವನು ಬಂದ. ಹಾಲಿನ ಡೇರಿಗೆ ಹೋಗಿದ್ದವನು ನೇರವಾಗಿ ಬಯಲಿನ ಕಡೆಯಿಂದಲೇ ಬಂದಿದ್ದ. ಸತ್ತ ಗೆಳೆಯನ ಮುಖ ನೋಡಿ, ಕಣ್ಣು ಒರೆಸಿಕೊಂಡು, ಅಕ್ಕನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದ.

"ಗೂಡು ಯಾರಕ್ಕ ಎಳೆದಿದ್ದು? ಹಳ್ಳದ ಹತ್ರ ಹೋಗಿ ನಿಂತಿದೆ."

"ಗಾಡಿ ನಿಲ್ಲಿಸೋಕೆ ಅಂತ... ಯಾಕಪ್ಪ?"

"ಕೋಳಿಗಳು ಹೊರಗಿದ್ವಾ ಆಗ?"

ಹೊರಗಿದ್ದವು. ಹಗಲಲ್ಲಿ ಮತ್ತೆಲ್ಲಿರುತ್ತವೆ? ಹಾಲಿನವನು ತಲೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕೂತುಬಿಟ್ಟ.

"ಕೋಳಿಗೆ ಗೂಡು ಅಂದ್ರೆ ಆ ಪೆಟ್ಟಿಗೆ ಅಲ್ಲ ಅಕ್ಕ, ಜಾಗ. ಬೆಳಿಗ್ಗೆ ಎಲ್ಲಿ ಇಳಿದ್ವೋ ಸಂಜೆ ಅಲ್ಲಿಗೇ ಬರ್ತವೆ. ಗೂಡು ಅಲ್ಲಿ ಇಲ್ದೇ ಇದ್ರೆ ಬರೀ ನೆಲದ ಮೇಲೆ ಕೂತ್ಕೋತವೆ. ಅದಕ್ಕೇ ನಾವು ಬೆಳಕು ಹರಿಯೋ ಮುಂಚೆ, ಅವು ಒಳಗಿರೋವಾಗ್ಲೇ ಎಳೀತಿದ್ದದ್ದು."

ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ಅಕ್ಕನಿಗೆ ಇದು ಗೊತ್ತಿರಲಿಲ್ಲ. ಅವನು ಬೆಳಗಿನ ಜಾವ ಎದ್ದು ಹೋಗುವಾಗ ಅವಳು ಮಗ್ಗಲು ಬದಲಿಸುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಬಾಗಿಲಿನ ಅಗುಳಿ ಮಾತ್ರ.

ಮೇಸ್ತ್ರಿಯ ಮುಖ ಸಪ್ಪೆಯಾಯಿತು. ಒಳ್ಳೆಯದು ಮಾಡಲು ಹೋಗಿದ್ದೆ ಎಂದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಲುವೆ ದಾಟಿಸುವಾಗ ಗೂಡು ಕುಕ್ಕರಿಸಿ ಒಂದು ಚಕ್ರ ಮುರಿದಿದೆ, ನಾಳೆ ವೆಲ್ಡಿಂಗಿನವನನ್ನು ಕರೆಸುತ್ತೇನೆ ಎಂದು ಆಗ ಬಾಯಿಬಿಟ್ಟ. ಗಂಡಸರೆಲ್ಲ ಹೋಗಿ ಹೆಗಲು ಕೊಟ್ಟರು. ಗೂಡು ನರಳಿತು, ಒಂದು ಕಡೆ ವಾಲಿತು, ಜಾಗ ಬಿಟ್ಟು ಅಲುಗಲಿಲ್ಲ. ಸರಿ, ಕೋಳಿಗಳನ್ನೇ ಹಿಡಿದು ತಂದು ತುಂಬೋಣವೆಂದರೆ, ಹಗಲಲ್ಲಿ ಬಯಲಿನ ಕೋಳಿ ಯಾರ ಕೈಗೆ ಸಿಗುತ್ತದೆ? ಮೇಸ್ತ್ರಿ ಎರಡು ಸಲ ಬಿದ್ದದ್ದೇ ಬಂತು. ಸಂಜೆ ಅವು ಕೂತು ಮಬ್ಬು ಹಿಡಿದ ಮೇಲೆ, ಒಂದೊಂದನ್ನೇ ಎತ್ತಿಕೊಂಡು ಹೋಗಿ ಬಿಡಬೇಕು, ಬೇರೆ ದಾರಿಯಿಲ್ಲ ಎಂದ ಹಾಲಿನವನು. ಹೊತ್ತು ಮುಳುಗುವ ಮೊದಲು ನಾವಿಲ್ಲಿರಬೇಕು ಎಂದು ಎರಡು ಸಲ ಹೇಳಿದ.

ಇರಬಹುದಿತ್ತು. ಆದರೆ ಸ್ಮಶಾನದಲ್ಲಿ ಗುಂಡಿ ತೋಡುವವರಿಗೆ ಬಂಡೆ ಸಿಕ್ಕಿತು.

ಸುದ್ದಿ ಬಂದಾಗ ದೇಹವನ್ನು ಗಾಡಿಗೆ ಏರಿಸಿ ಆಗಿತ್ತು. ಸ್ಮಶಾನದ ಗೋಡೆಯ ಪಕ್ಕ ಎಲ್ಲರೂ ನಿಂತರು. ಹಾರೆಯ ಏಟು ಬೀಳುತ್ತಲೇ ಇತ್ತು, ಕಿಡಿ ಹಾರುತ್ತಿತ್ತು, ಬಂಡೆ ಚಕ್ಕೆಚಕ್ಕೆಯಾಗಿ ಏಳುತ್ತಿತ್ತು. ಪಕ್ಕಕ್ಕೆ ಬೇರೆ ತೋಡೋಣವೇ ಎಂದು ಒಬ್ಬ ಕೇಳಿದರೆ, ಇಷ್ಟು ಆದ ಮೇಲೆ ಯಾಕೆ ಎಂದ ಇನ್ನೊಬ್ಬ. ಅಕ್ಕನ ಪಕ್ಕದಲ್ಲಿದ್ದವರು ಅವಳ ಬೆನ್ನು ಸವರಿ, ಎಷ್ಟು ಒಳ್ಳೆಯವನಿದ್ದ ಎನ್ನುತ್ತಿದ್ದರು. ಅವಳು ಹೂಂ ಎನ್ನುತ್ತ ಸೂರ್ಯನನ್ನು ನೋಡುತ್ತಿದ್ದಳು. ಒಡಹುಟ್ಟಿದವನನ್ನು ಬೇಗ ಮಣ್ಣಿಗೆ ಹಾಕಿ ಎಂದು ಯಾವ ಬಾಯಲ್ಲಿ ಹೇಳುವುದು? ಬಿಟ್ಟು ಹೋಗುವುದಾದರೂ ಹೇಗೆ? ಅವಳ ಪಾಲಿನ ಮಣ್ಣು ಹಾಕುವ ಹೊತ್ತಿಗೆ ಗೋಡೆಯ ನೆರಳು ಗುಂಡಿಯನ್ನು ದಾಟಿಹೋಗಿತ್ತು.

ಬಯಲಿಗೆ ಬಂದಾಗ ಬೆಳಕು ಕಾಲುಭಾಗ ಉಳಿದಿತ್ತು. ಹಾಲಿನವನು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಬೆಳಿಗ್ಗೆ ಗೂಡು ನಿಂತಿದ್ದಲ್ಲಿ ಹುಲ್ಲು ಗೂಡಿನ ಅಳತೆಗೇ ನಲುಗಿ ಮಂಕಾಗಿತ್ತು. ಕೋಳಿಗಳು ಆ ಅಳತೆಯನ್ನು ಒಂದು ಗೇಣೂ ಮೀರದೆ, ಒಂದಕ್ಕೊಂದು ಒತ್ತಿಕೊಂಡು ಅಷ್ಟರೊಳಗೇ ಕೂತಿದ್ದವು. ಕೆಲವು ಮೇಲಕ್ಕೆ ಹಾರಿ, ಇಲ್ಲದ ಗಳುವಿಗೆ ಕಾಲು ಚಾಚಿ, ಮತ್ತೆ ನೆಲಕ್ಕೆ ಬೀಳುತ್ತಿದ್ದವು.

ಅಕ್ಕ ಎರಡನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಹಾಲಿನವನು ಕೈಗೆರಡರಂತೆ ನಾಲ್ಕು ಹಿಡಿದ. ಮೇಸ್ತ್ರಿ ಒಂದನ್ನು, ಬಿಸಿಪಾತ್ರೆ ಹಿಡಿದವನಂತೆ, ಮೈಯಿಂದ ದೂರ ಹಿಡಿದುಕೊಂಡು ಬಂದ. ಹಳ್ಳದ ತನಕ ನಡೆದು, ಗೂಡಿನ ಬಾಗಿಲು ತೆರೆದು, ಒಳಗೆ ಟಾರ್ಚು ಬಿಟ್ಟರು. ಆಗ ಕಂಡಿತು. ಚಕ್ರ ಮುರಿದಾಗ ನೆಲದ ಜಾಲರಿ ಉದ್ದಕ್ಕೆ ಹರಿದುಹೋಗಿತ್ತು. ಆ ಸೀಳಿನಲ್ಲಿ ನರಿ ಯಾಕೆ, ಒಂದು ಕರುವೇ ನುಗ್ಗಬಹುದಿತ್ತು.

ಇಷ್ಟು ಕೋಳಿಗೆ ಮನೆಯ ಎರಡು ಕೋಣೆ ಸಾಲದು, ಹಾಲಿನವನ ಕೊಟ್ಟಿಗೆಗೆ ಗೋಡೆಯೇ ಇಲ್ಲ. ಎತ್ತಿಕೊಂಡು ಹೋದ ಕೋಳಿಗಳನ್ನು ಮತ್ತೆ ಹೊತ್ತುಕೊಂಡೇ ವಾಪಸು ಬಂದರು.

ಮೇಸ್ತ್ರಿ ಜಾಲರಿ ತರುತ್ತೇನೆಂದು ಪೇಟೆಗೆ ಓಡಿದ. ಅಂಗಡಿ ಮುಚ್ಚಿರುತ್ತದೆಂದು ಅವನಿಗೂ ಗೊತ್ತಿತ್ತು. ಆಚೆಯ ಕೊಟ್ಟಿಗೆಯಲ್ಲಿ ಕೆಚ್ಚಲು ಬಿಗಿದ ಹಸುಗಳು ಒಂದೇ ಸಮನೆ ಕೂಗುತ್ತಿದ್ದವು. ಹಾಲಿನವನು ಅತ್ತಲೂ ಇತ್ತಲೂ ನೋಡಿ ಒದ್ದಾಡಿದ.

"ಹಾಲು ಕರೆದು ಬಂದ್ಬಿಡ್ತೀನಿ ಅಕ್ಕ. ನಾಯೀನೂ ಕರ್ಕೊಂಡ್ ಬರ್ತೀನಿ. ಅಲ್ಲೀವರೆಗೆ ನೀನು ಒಬ್ಳೇ..."

"ಹೋಗಪ್ಪ. ಅವು ಬಾಯಿಲ್ಲದವು, ಇವೂ ಬಾಯಿಲ್ಲದವು. ಯಾವುದಕ್ಕೆ ಅಂತ ಓಡ್ತೀಯ."

ಅವನು ಹೋದ ಮೇಲೆ ಅಕ್ಕ ಅಂಗಳದಿಂದ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಕೋಳಿಗಳ ನಡುವೆ ಹಾಕಿಕೊಂಡು ಕೂತಳು. ಬಾಗಿಲು ಹಾಕ್ತೀನಿ ಅಂದಿದ್ದೆ ಕಣೋ, ಹಾಕೋಕೆ ಬಾಗಿಲೇ ಇಲ್ವಲ್ಲೋ ಎಂದು ಗಟ್ಟಿಯಾಗಿಯೇ ಹೇಳಿ ಅತ್ತಳು. ಆ ದಿನ ಅವಳು ಮನಸಾರೆ ಅತ್ತದ್ದು ಆಗಲೇ.

ಆ ಬಯಲಿನಲ್ಲಿ ನೆಲಕ್ಕಿಂತ ಎತ್ತರವಾಗಿದ್ದದ್ದು ಈಗ ಅವಳೊಬ್ಬಳೇ. ಒಂದು ಕೋಳಿ ಕುರ್ಚಿಯ ಕೈಮೇಲೆ ಏರಿತು. ಇನ್ನೊಂದು ಅವಳ ಮಡಿಲಿಗೆ, ಮತ್ತೊಂದು ಹೆಗಲಿಗೆ. ಉಗುರು ಚುಚ್ಚಿದರೂ ಅವಳು ಓಡಿಸಲಿಲ್ಲ. ಹಾರಲು ನೋಡುತ್ತಿದ್ದವುಗಳಿಗಾಗಿ ಒಂದು ತೋಳನ್ನು ಅಡ್ಡಕ್ಕೆ ಚಾಚಿದಳು. ಎರಡು ಹತ್ತಿ ಕೂತವು. ಇನ್ನೊಂದು ತೋಳನ್ನೂ ಚಾಚಿದಳು.

ಹಳ್ಳದ ಕಡೆಯಿಂದ ನರಿ ಒಮ್ಮೆ ಊಳಿಟ್ಟಿತು. ಅವಳ ತೋಳುಗಳು ಭಾರಕ್ಕೆ ಆಗಲೇ ಸೋಲುತ್ತಿದ್ದವು. ಉಳಿದ ಕೋಳಿಗಳೆಲ್ಲ ನೆಲದಲ್ಲೇ ನಿಂತು, ಕತ್ತೆತ್ತಿ, ಎಲ್ಲಾದರೂ ಜಾಗವಿದೆಯೇ ಎಂದು ಅವಳನ್ನೇ ನೋಡುತ್ತಿದ್ದವು.